ಗಂಡ ಬೇಡ ಅಂದ್ರೂ ಮಗು ಬೇಕು ಅನ್ನೋರಿಗೆ: ಫರ್ಟಿಲಿಟಿ ಕೌನ್ಸೆಲಿಂಗ್ ರಿವ್ಯೂ (5ಕ್ಕೆ 3.5)

ನಂಗೆ ಮಗು ಬೇಕು, ನನ್ನ ಗಂಡನಿಗೆ ಸುತಾರಾಂ ಬೇಡ. "ಆಗ್ಲಿ ಬಿಡು, ಮಗು ಮುಖ ನೋಡಿದ್ಮೇಲೆ ಸರಿಹೋಗ್ತಾನೆ" ಅಂತ ಎಲ್ರೂ ಕೊಡೋ ಸಲಹೆನ ಹಾಗೇ ಕೌನ್ಸೆಲರ್ ಮುಂದಿಟ್ಟೆ. ಅವ್ರು ಬೈಲೂ ಇಲ್ಲ, ಹೂಂ ಅನ್ಲೂ ಇಲ್ಲ, ಒಂದು ಹಾಳೆ ಕೊಟ್ಟು ರಾತ್ರಿ ಎರಡು ಗಂಟೆಗೆ ಮಗುಗೆ ಜ್ವರ ಬಂದ್ರೆ ಯಾರು ಏಳ್ತಾರೆ, ನಿಮ್ಮ ಕೆಲ್ಸ ಹೋದ್ರೆ ಖರ್ಚು ಯಾರ್ದು, ಒಂದೊಂದರ ಮುಂದೂ ಹೆಸರು ಬರೀರಿ, ಗಂಡನ ಹೆಸರು ಮಾತ್ರ ಬರೆಯಂಗಿಲ್ಲ ಅಂದ್ರು. ಬರೀತಾ ಹೋದ್ರೆ ಎಲ್ಲಾ ಕಡೆ ನಮ್ಮಮ್ಮನ ಹೆಸರೇ, ಆ ಅಮ್ಮನ್ನೂ ಯಾರೂ ಒಂದು ಮಾತು ಕೇಳಿರ್ಲಿಲ್ಲ!

ಕೌನ್ಸೆಲರ್ ಎರಡು ವಿಷಯ ಬೇರೆ ಬೇರೆ ಮಾಡಿ ಇಟ್ರು. ಹೇಳ್ದೆ ಕೇಳ್ದೆ ಮಾತ್ರೆ ನಿಲ್ಲಿಸಿ ಬಸುರಾಗೋದು ಒಂದು, "ನೀನು ಒಪ್ಪದಿದ್ರೂ ನಾನು ತಾಯಿ ಆಗ್ತೀನಿ, ನೀನು ಇರ್ತೀಯೋ ಹೋಗ್ತೀಯೋ ನೋಡ್ಕೋ" ಅಂತ ಮುಖಕ್ಕೆ ಹೇಳಿ ವೀರ್ಯ ಡೋನರ್ ದಾರಿ ಹಿಡಿಯೋದು ಇನ್ನೊಂದು. ಮೊದಲನೇದು ಮೋಸ, ನನ್ನ ಪ್ರಕಾರ ಅದ್ರಲ್ಲಿ ಚರ್ಚೆಗೇ ಜಾಗ ಇಲ್ಲ.

ಡಾಕ್ಟರ್ ಭಾಗಕ್ಕೆ ಫುಲ್ ಮಾರ್ಕ್ಸ್. ಎಎಂಎಚ್ ಅನ್ನೋ ರಕ್ತ ಪರೀಕ್ಷೆ ರಿಪೋರ್ಟ್ ನೋಡಿ ಗಾಬರಿ ಬಿದ್ದಿದ್ದೆ, ಅದು ಅಂಡಾಣು ಎಷ್ಟು ಉಳಿದಿದೆ ಅಂತ ಅಂದಾಜು ಹೇಳುತ್ತೆ ಅಷ್ಟೆ, ಕ್ವಾಲಿಟಿ ಹೇಳಲ್ಲ, ತಾನಾಗೇ ಬಸುರಾಗ್ತೀರೋ ಇಲ್ವೋ ಅಂತಾನೂ ಹೇಳಲ್ಲ, ಪಿಲ್ಸ್ ತಗೋತಿದ್ರೆ ನಂಬರ್ ಕಮ್ಮಿ ತೋರಿಸ್ಬಹುದು ಅಂತ ಬಿಡಿಸಿ ಹೇಳಿದ್ರು. ಗಂಡನ ಜೊತೆ ಸೇರಿ ಭ್ರೂಣ ಫ್ರೀಜ್ ಮಾಡೋಣ್ವಾ ಅಂದಾಗ ಬ್ರಿಟನ್ನಿನ ನ್ಯಾಟಲಿ ಇವಾನ್ಸ್ ಕೇಸ್ ಹೇಳಿದ್ರು. ಅಂಡಾಶಯ ತೆಗೆಸೋ ಮೊದಲು 2001ರಲ್ಲಿ ಸಂಗಾತಿ ಜೊತೆ ಭ್ರೂಣ ಮಾಡಿಸಿ ಇಟ್ಟಿದ್ರಂತೆ, ಸಂಬಂಧ ಮುರಿದ ಮೇಲೆ ಅವ್ನು ಒಪ್ಪಿಗೆ ವಾಪಸ್ ತಗೊಂಡ, 2007ರಲ್ಲಿ ಯುರೋಪಿನ ಮಾನವ ಹಕ್ಕುಗಳ ಕೋರ್ಟಲ್ಲೂ ಸೋತ್ರು. ಅಂಡಾಣು ಮಾತ್ರ ಇಟ್ರೆ ಅದು ನಿಮ್ದೊಬ್ಬರದೇ, ಆದ್ರೆ ಇಟ್ಟ ಮಾತ್ರಕ್ಕೆ ಮಗು ಗ್ಯಾರಂಟಿ ಅಲ್ಲ ಅಂತಾನೂ ಅಂದ್ರು. ಈ ಮಾತು ಬ್ರೋಷರಲ್ಲಿ ಮಾತ್ರ ಎಲ್ಲೂ ಇಲ್ಲ ನೋಡಿ.

ಮಾರ್ಕ್ಸ್ ಕಟ್ ಆಗಿದ್ದು ರಿಸೆಪ್ಷನ್‌ಗೆ. ಹೋದಾಗೆಲ್ಲ "ಹಸ್ಬೆಂಡ್ ಬಂದಿಲ್ವಾ ಮೇಡಂ" ಅಂತ ಇಡೀ ಹಾಲ್‌ಗೆ ಕೇಳೋ ಹಾಗೆ ಕೇಳ್ತಾರೆ, ಫಾರಂನಲ್ಲಿ ಗಂಡನ ಕಾಲಂ ಖಾಲಿ ಬಿಟ್ರೆ ವಾಪಸ್ ಕೊಡ್ತಾರೆ.

ಗಂಡನ್ನ ಒಪ್ಸೋ ಉಪಾಯ ಹೇಳ್ಕೊಡ್ತಾರೆ ಅಂತ ಹೋಗ್ಬೇಡಿ, ಅದು ಸಿಗಲ್ಲ. ಆನ್‌ಲೈನ್ ಸೆಷನ್ನೂ ಇದೆ, ತಗೋಬೇಡಿ, ಪಕ್ಕದ ರೂಮಲ್ಲಿ ಗಂಡ ಟಿವಿ ನೋಡ್ತಾ ಕೂತಿದ್ರೆ ಬಾಯೇ ಬರಲ್ಲ.