ಮೂರು ವರ್ಷ ಬಳಸಿದ ಮೇಲೆ: ಬೋರ್‌ವೆಲ್ ಲಾಗರ್, ಅದರ ಸಾಫ್ಟ್‌ವೇರ್ ಮತ್ತು ಒಂದು ಟೇಪು

ಬೋರ್‌ವೆಲ್ಲಿನ ನೀರಿನ ಮಟ್ಟ ತಾನೇ ದಾಖಲಿಸಿಡಲಿ ಅಂತ ಕೊಂಡ ಲಾಗರ್‌ಗೆ ನನ್ನ ಅಂಕ ಐದಕ್ಕೆ ಮೂರೂವರೆ. ಸೆನ್ಸರ್ ಒಂದಕ್ಕೇ ಆದರೆ ನಾಲ್ಕೂವರೆ ಕೊಡುತ್ತಿದ್ದೆ, ಸಾಫ್ಟ್‌ವೇರ್ ಕೆಳಗೆ ಎಳೆಯಿತು. ಕಂಪನಿ ಹೆಸರು ಬರೆಯುತ್ತಿಲ್ಲ. ಇಲ್ಲಿ ಹೇಳುವ ತಾಪತ್ರಯಗಳಲ್ಲಿ ಅರ್ಧ ನಾನೇ ಮಾಡಿಕೊಂಡಿದ್ದು, ಉಳಿದವು ಈ ಥರದ ಯಾವ ಲಾಗರ್ ಕೊಂಡರೂ ಎದುರಾಗುವಂಥವು. 15 ನಿಮಿಷಕ್ಕೊಂದು ರೀಡಿಂಗ್, ದಿನಕ್ಕೆ 96, ಮೂರು ವರ್ಷಕ್ಕೆ ಒಂದು ಲಕ್ಷ ದಾಟಿದೆ. ಒಂದೂ ಬಿಟ್ಟುಹೋಗಿಲ್ಲ. ಎಡವಟ್ಟಾಗಿದ್ದೆಲ್ಲ ಆ ರೀಡಿಂಗನ್ನು ನೀರಿನ ಮಟ್ಟ ಮಾಡುವ ಹಂತದಲ್ಲಿ.

ಕೊಳ್ಳುವಾಗ ನನಗೆ ಸರಿಯಾಗಿ ಅರ್ಥವಾಗಿರದ ವಿಷಯ ಇದು. ಬಾವಿಯೊಳಗೆ ಇಳಿಬಿಟ್ಟ ಲಾಗರ್ ನೀರಿನ ಮಟ್ಟ ಅಳೆಯುವುದಿಲ್ಲ, ಒತ್ತಡ ಅಳೆಯುತ್ತದೆ. ಅದೂ ನೀರಿನದು ಮಾತ್ರ ಅಲ್ಲ, ನೀರಿನ ಮೇಲೆ ಕೂತಿರುವ ಗಾಳಿಯದ್ದೂ ಸೇರಿ. ಹಾಗಾಗಿ ಗಾಳಿಯ ಒತ್ತಡವನ್ನು ಬೇರೆಯಾಗಿ ಅಳೆದು ಕಳೆಯಬೇಕು. ಲಾಗರ್ 1410 ಹೆಕ್ಟೋಪಾಸ್ಕಲ್ (ಒತ್ತಡದ ಅಳತೆ) ತೋರಿಸಿತು, ಆ ಹೊತ್ತಿಗೆ ಗಾಳಿ 910 ಇತ್ತು ಅಂದುಕೊಳ್ಳಿ. ಉಳಿದಿದ್ದು 500. ಒಂದು ಹೆಕ್ಟೋಪಾಸ್ಕಲ್ ಅಂದರೆ ಹೆಚ್ಚುಕಡಿಮೆ 1.02 ಸೆಂಟಿಮೀಟರ್ ನೀರು, ಅಂದರೆ ಸೆನ್ಸರ್ ಮೇಲೆ 5.10 ಮೀಟರ್ ನೀರಿದೆ. ಕೇಬಲ್ 30 ಮೀಟರ್ ಇದ್ದರೆ ನೀರು ಸಿಗುವುದು 24.90 ಮೀಟರ್ ಆಳದಲ್ಲಿ. ಅಷ್ಟೇ ಲೆಕ್ಕ. ಸಾಫ್ಟ್‌ವೇರ್ ಮಾಡುವುದೂ ಇದನ್ನೇ, ಒಂದು ಲಕ್ಷ ಸಲ, ಎರಡು ಸೆಕೆಂಡಿನಲ್ಲಿ.

ದುಡ್ಡು ಉಳಿಸೋಣ ಅಂತ ಮೊದಲ ಮೂರು ತಿಂಗಳು ಗಾಳಿಗೆ ಬೇರೆ ಲಾಗರ್ ಕೊಂಡಿರಲಿಲ್ಲ. ಹವಾಮಾನ ವರದಿಯಲ್ಲಿ ಬರುವ ಒತ್ತಡವನ್ನೇ ತುಂಬುತ್ತಿದ್ದೆ. ಆ ವರದಿಯ ಅಂಕಿ ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ್ದು, ನಿಮ್ಮ ಜಾಗದ ನಿಜವಾದ ಒತ್ತಡ ಅಲ್ಲ. ಬಾವಿ 900 ಮೀಟರ್ ಎತ್ತರದಲ್ಲಿದ್ದರೆ ವ್ಯತ್ಯಾಸ ಸುಮಾರು 100 ಹೆಕ್ಟೋಪಾಸ್ಕಲ್, ನೀರಿನ ಲೆಕ್ಕದಲ್ಲಿ ಒಂದು ಮೀಟರ್! ಗ್ರಾಫ್ ಮಾತ್ರ ಚೆನ್ನಾಗಿಯೇ ಕಾಣುತ್ತಿತ್ತು. ಟೇಪ್ ಇಳಿಸಿ ನೋಡುವ ತನಕ ಅನುಮಾನವೇ ಬಂದಿರಲಿಲ್ಲ.

ಆಮೇಲೆ ಗಾಳಿಗೂ ಒಂದು ಲಾಗರ್ ತಂದು ಅದೇ ಬಾವಿಯಲ್ಲಿ ನೀರಿಗಿಂತ ಸಾಕಷ್ಟು ಮೇಲೆ ಕಟ್ಟಿದೆ. ಇನ್ನು ಎಲ್ಲ ಸರಿಹೋಯಿತು ಅಂದುಕೊಂಡರೆ ಗ್ರಾಫಿನಲ್ಲಿ ಅಲೆ ಶುರುವಾಯಿತು. ದಿನಕ್ಕೆ ಎರಡು ಸಲ ನೀರು ಏರುತ್ತೆ, ಎರಡು ಸಲ ಇಳಿಯುತ್ತೆ, ಸುಮಾರು 6 ಸೆಂಟಿಮೀಟರ್. ಅಕ್ಕಪಕ್ಕ ಯಾವ ಪಂಪೂ ಓಡುತ್ತಿರಲಿಲ್ಲ. ಒಂದು ವಾರ ತಲೆ ಕೆಡಿಸಿಕೊಂಡೆ.

ಕಾರಣ ಗಡಿಯಾರ. ಗಾಳಿಯ ಒತ್ತಡಕ್ಕೆ ಅದರದೇ ಒಂದು ದಿನಚರಿ ಇದೆ: ಬೆಳಗ್ಗೆ ಹತ್ತರ ಸುಮಾರಿಗೆ ಏರಿರುತ್ತದೆ, ಸಂಜೆ ನಾಲ್ಕರ ಹೊತ್ತಿಗೆ ಇಳಿದಿರುತ್ತದೆ, ರಾತ್ರಿ ಮತ್ತೆ ಇದೇ ಕತೆ. ಉಷ್ಣವಲಯದಲ್ಲಿ ಈ ಏರಿಳಿತ ಎದ್ದು ಕಾಣುತ್ತದೆ, ನನ್ನ ರೀಡಿಂಗಲ್ಲಿ ಸುಮಾರು 3 ಹೆಕ್ಟೋಪಾಸ್ಕಲ್ ಇತ್ತು. ನಾನು ಒಂದು ಲಾಗರನ್ನು ಲ್ಯಾಪ್‌ಟಾಪ್ ಸಮಯಕ್ಕೆ ಹೊಂದಿಸಿದ್ದೆ, ಇನ್ನೊಂದು ಯುಟಿಸಿಯಲ್ಲೇ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಉಳಿದಿತ್ತು. ಎರಡರ ನಡುವೆ ಆರು ಗಂಟೆಯ ಆಸುಪಾಸು ವ್ಯತ್ಯಾಸ ಬಂದರೆ ಒಂದರ ಏರು ಇನ್ನೊಂದರ ಇಳಿತದ ಮೇಲೆ ಸರಿಯಾಗಿ ಕೂರುತ್ತದೆ. ಕಳೆದರೆ ಅಲೆ ಹೋಗುವುದಿಲ್ಲ, ಎರಡರಷ್ಟಾಗುತ್ತದೆ. 3 ಹೋಗಿ 6. ಸಾಫ್ಟ್‌ವೇರ್ ಎರಡು ಫೈಲಿನ ಟೈಮ್‌ಜೋನ್ ಬೇರೆ ಅಂತ ಒಂದು ಮಾತು ಕೇಳಬಹುದಿತ್ತು, ಅಲ್ವಾ? ಕೇಳಲಿಲ್ಲ.

ಅಲೆ ಕಂಡ ಕೂಡಲೇ ಗಡಿಯಾರವನ್ನೇ ದೂರುವುದೂ ತಪ್ಪು, ಇದನ್ನು ಎರಡನೇ ಬಾವಿ ಕಲಿಸಿತು. ಅಲ್ಲಿ ಎರಡೂ ಗಡಿಯಾರ ಸರಿಯಾಗಿದ್ದವು, ಆದರೂ ಗಾಳಿ ಕಳೆದು ತಿದ್ದಿದ ಮೇಲೆ ಸಣ್ಣ ಅಲೆ ಉಳಿಯಿತು. ವಿಚಿತ್ರ ಅಂದರೆ ತಿದ್ದದ ಗ್ರಾಫೇ ಹೆಚ್ಚು ನಯವಾಗಿತ್ತು. ಆಳದಲ್ಲಿ, ಮೇಲೆ ಗಟ್ಟಿ ಪದರ ಮುಚ್ಚಿರುವ ಅಂತರ್ಜಲ ಹೀಗೇ ಆಡುತ್ತದೆ. ಗಾಳಿಯ ಒತ್ತಡ ಏರಿದಾಗ ತೆರೆದ ಬಾವಿಯ ನೀರನ್ನು ಅದು ಪೂರ್ತಿ ಒತ್ತುತ್ತದೆ, ಆದರೆ ಪದರದೊಳಗಿನ ನೀರಿಗೆ ಅದರ ಒಂದು ಪಾಲು ಮಾತ್ರ ತಲುಪುತ್ತದೆ, ಉಳಿದ ಭಾರ ಕಲ್ಲುಮಣ್ಣು ಹೊರುತ್ತದೆ. ಹಾಗಾಗಿ ಬಾವಿಯ ಮಟ್ಟ ನಿಜವಾಗಿಯೂ ಕೆಳಗಿಳಿಯುತ್ತದೆ. ಗಾಳಿ ಏರಿದಷ್ಟೇ ನೀರು ಇಳಿದರೆ ಲಾಗರ್‌ಗೆ ಒಟ್ಟು ಒತ್ತಡ ಬದಲಾದದ್ದೇ ಗೊತ್ತಾಗುವುದಿಲ್ಲ, ಅದಕ್ಕೇ ಆ ನಯ. ಈ ಅಲೆ ಸುಳ್ಳಲ್ಲ, ಇದನ್ನು ಅಳಿಸಬೇಡಿ. ನಾನು ಸಾಫ್ಟ್‌ವೇರಿನ 'ಸ್ಮೂತ್' ಬಟನ್ ಒತ್ತಿ ಒಂದು ತಿಂಗಳ ಡೇಟಾ ಹಾಳು ಮಾಡಿಕೊಂಡೆ.

ಸುಳ್ಳು ಅಲೆ ಯಾವುದು, ನಿಜದ್ದು ಯಾವುದು ಅಂತ ಈಗ ನಾನು ನೋಡುವ ರೀತಿ ಸರಳ. ನಿಜದ್ದಾದರೆ ಗಾಳಿಗೆ ಸರಿಯಾಗಿ ಉಲ್ಟಾ ಇರುತ್ತದೆ, ಗಾಳಿಯ ಅಲೆಗಿಂತ ದೊಡ್ಡದಿರುವುದಿಲ್ಲ. ನನ್ನ ಮೊದಲ ಬಾವಿಯ 6 ಸೆಂಟಿಮೀಟರ್ ಅಲ್ಲೇ ಸಿಕ್ಕಿಬೀಳಬೇಕಿತ್ತು.

ಈಗ ಹಗ್ಗದ ವಿಷಯ. ಮೊದಲು ಲಾಗರನ್ನು ನೈಲಾನ್ ಹಗ್ಗಕ್ಕೆ ಕಟ್ಟಿದ್ದೆ. ನೈಲಾನ್ ನೆನೆದರೆ, ಭಾರ ಬಿದ್ದರೆ ಹಿಗ್ಗುತ್ತದೆ. ಹಗ್ಗ ಹಿಗ್ಗಿ ಲಾಗರ್ ಕೆಳಗಿಳಿದರೆ ಅದರ ಮೇಲಿನ ನೀರು ಜಾಸ್ತಿ, ಅಂದರೆ ಸಾಫ್ಟ್‌ವೇರ್ ಪ್ರಕಾರ ಬಾವಿ ತುಂಬುತ್ತಿದೆ! ಮಳೆಯಿಲ್ಲದ ತಿಂಗಳಲ್ಲಿ ನೀರು ಏರಿದ್ದು ನೋಡಿ ಖುಷಿಪಟ್ಟವನು ನಾನು. ಈಗ ಸ್ಟೀಲ್ ತಂತಿ ಹಾಕಿದ್ದೇನೆ. ಕೇಸಿಂಗ್ (ಬೋರ್‌ವೆಲ್ಲಿನ ಹೊರ ಪೈಪು) ಅಂಚಿನಲ್ಲಿ ಒಂದು ಗೆರೆ ಕೊರೆದು ಪ್ರತಿ ಸಲ ಅಲ್ಲಿಂದಲೇ ಟೇಪ್ ಇಳಿಸುತ್ತೇನೆ. ನೀರು ಮುಟ್ಟಿದರೆ ಬೀಪ್ ಅನ್ನುವ ಟೇಪು.

ಟೇಪಿಗೂ ಲಾಗರ್‌ಗೂ ವ್ಯತ್ಯಾಸ ಬಂದಾಗ ಸಾಫ್ಟ್‌ವೇರ್ 'ಡ್ರಿಫ್ಟ್ ತಿದ್ದು' ಅನ್ನುವ ಆಯ್ಕೆ ಕೊಡುತ್ತದೆ. ಎರಡು ಟೇಪ್ ಅಳತೆ ಕೊಟ್ಟರೆ ನಡುವಿನ ತಪ್ಪನ್ನು ದಿನದಿನಕ್ಕೆ ಸಮನಾಗಿ ಹಂಚಿಬಿಡುತ್ತದೆ. ಸೆನ್ಸರೇ ನಿಧಾನಕ್ಕೆ ಜಾರುತ್ತಿದ್ದರೆ ಇದು ಸರಿ. ಆದರೆ ಒಂದು ದಿನ ಯಾರೋ ಪಂಪ್ ಎತ್ತುವಾಗ ಲಾಗರನ್ನೂ ಎತ್ತಿ ಮತ್ತೆ ಬೇರೆ ಕಡೆ ಕಟ್ಟಿದ್ದರು, 40 ಸೆಂಟಿಮೀಟರ್ ಮೇಲೆ. ಒಂದೇ ಗಳಿಗೆಯಲ್ಲಿ ಆದ ಜಿಗಿತ ಅದು. ನಾನು ನೋಡದೆ ಡ್ರಿಫ್ಟ್ ಅಂತ ಒತ್ತಿದೆ, ಸಾಫ್ಟ್‌ವೇರ್ ಆ 40 ಸೆಂಟಿಮೀಟರನ್ನು ಎರಡು ತಿಂಗಳಿಗೆ ತೆಳ್ಳಗೆ ಸವರಿತು. ಎರಡು ತುದಿ ಟೇಪಿಗೆ ತಾಳೆಯಾದವು, ನಡುವೆ ಇದ್ದದ್ದೆಲ್ಲ ಸುಳ್ಳು. ಈಗ ತಿದ್ದುವ ಮುಂಚೆ ಕಚ್ಚಾ ರೀಡಿಂಗಿನ ಗ್ರಾಫ್ ಹಿಗ್ಗಿಸಿ ಎಲ್ಲಾದರೂ ಮೆಟ್ಟಿಲು ಇದೆಯಾ ಅಂತ ಹುಡುಕುತ್ತೇನೆ. ಇದ್ದರೆ ಆ ಕ್ಷಣದಿಂದ ಮುಂದಕ್ಕೆ ಮಾತ್ರ ಕೂಡಿಸುವುದೋ ಕಳೆಯುವುದೋ.

ಸಾಫ್ಟ್‌ವೇರ್ ಮೇಲೆ ನಿಜವಾದ ಸಿಟ್ಟು ಇರುವುದು ಎರಡು ಕಾರಣಕ್ಕೆ. ಒಂದು, ಯಾವ ತಿದ್ದುಪಡಿ ಯಾವಾಗ ಮಾಡಿದೆ ಅನ್ನುವ ದಾಖಲೆ ಎಲ್ಲೂ ಉಳಿಯುವುದಿಲ್ಲ. ಆರು ತಿಂಗಳ ಹಿಂದೆ 12 ಸೆಂಟಿಮೀಟರ್ ಯಾಕೆ ಕೂಡಿಸಿದ್ದೆ? ನೋಟ್‌ಬುಕ್ಕಿನಲ್ಲಿ ಬರೆದಿದ್ದರೆ ಉಂಟು, ಇಲ್ಲಾಂದ್ರೆ ಇಲ್ಲ. ಎರಡು, ಗಾಳಿ ಲಾಗರಿನ ಫೈಲ್ ಬೇಗ ಮುಗಿದುಹೋದರೆ ಕೊನೆಯ ಅಂಕಿಯನ್ನೇ ಹಿಡಿದು ಮುಂದಕ್ಕೆ ಕಳೆಯುತ್ತಾ ಹೋಗುತ್ತದೆ. ಸುಮ್ನೆ ಖಾಲಿ ಬಿಟ್ಟಿದ್ದರೂ ಸಾಕಿತ್ತು. ಒಂಬತ್ತು ದಿನದ ಡೇಟಾ ಹಾಗೆ ಹೋಯಿತು, ಎಚ್ಚರಿಕೆಯ ಒಂದು ಸಾಲೂ ಬರಲಿಲ್ಲ.

ಒಳ್ಳೆಯದೂ ಇದೆ. ಕಚ್ಚಾ ಫೈಲನ್ನು ಅದು ಮುಟ್ಟುವುದಿಲ್ಲ, ತಿದ್ದಿದ್ದು ಬೇರೆ ಫೈಲಾಗಿ ಉಳಿಯುತ್ತದೆ. ಮೇಲಿನ ಎಡವಟ್ಟುಗಳಿಂದ ಪಾರಾಗಿದ್ದು ಅದರಿಂದಲೇ, ಪ್ರತಿ ಸಲ ಮೊದಲಿನಿಂದ ಶುರುಮಾಡಬಹುದಿತ್ತು. ಸ್ಪ್ರೆಡ್‌ಶೀಟಿನಲ್ಲಿ ತೆರೆಯಬಹುದಾದ ಸಿಎಸ್‌ವಿ ಫೈಲ್ ಕೂಡ ಸರಾಗವಾಗಿ ಬರುತ್ತದೆ. ಈಗೀಗ ಗಾಳಿ ಕಳೆಯುವ ಕೆಲಸ ಒಂದನ್ನೇ ಅಲ್ಲಿ ಮಾಡಿ ಉಳಿದದ್ದೆಲ್ಲ ಸ್ಪ್ರೆಡ್‌ಶೀಟಿನಲ್ಲಿ ಮಾಡುತ್ತೇನೆ, ಯಾಕೆ ತಿದ್ದಿದೆ ಅಂತ ಪಕ್ಕದ ಕಾಲಮಿನಲ್ಲೇ ಬರೆದಿಡುತ್ತೇನೆ. ಉಪ್ಪುನೀರಿನ ಬಾವಿ ಇರುವವರು ಸಾಂದ್ರತೆಯ ಸೆಟ್ಟಿಂಗ್ ಮರೆಯಬೇಡಿ: ಸಮುದ್ರದಷ್ಟು ಉಪ್ಪಿದ್ದರೆ 10 ಮೀಟರ್ ನೀರಿಗೆ 25 ಸೆಂಟಿಮೀಟರ್ ತಪ್ಪು ಬರುತ್ತದೆ.

ಹೊರಗಿನ ಗಾಳಿಯ ಒತ್ತಡವನ್ನು ಸೆನ್ಸರ್ ತನಕ ತಲುಪಿಸುವ ಗಾಳಿಕೊಳವೆ ಇರುವ ಕೇಬಲ್ಲಿನ ಸೆನ್ಸರ್ ತಗೊಂಡಿದ್ದರೆ ಈ ಕಳೆಯುವ ಕೆಲಸವೇ ಇರುತ್ತಿರಲಿಲ್ಲವಲ್ಲ ಅಂತ ಕೆಲವರು ಕೇಳಿದ್ದಾರೆ. ಹೌದು, ಇರುತ್ತಿರಲಿಲ್ಲ. ಆದರೆ ಆ ಕೊಳವೆಗೆ ತೇವ ಹೋಗದಂತೆ ಅದನ್ನು ಹೀರಿಕೊಳ್ಳುವ ಹರಳು ಬದಲಿಸುತ್ತಲೇ ಇರಬೇಕು, ತಿಂಗಳುಗಟ್ಟಲೆ ಬಾವಿಯ ಕಡೆ ಹೋಗಲಾಗದ ನನ್ನಂಥವರಿಗೆ ಅದು ಆಗುವ ಮಾತಲ್ಲ.

ಬ್ಯಾಟರಿ ಈಗ 18 ಶೇಕಡ ತೋರಿಸುತ್ತಿದೆ, ಬಿಚ್ಚಿ ಬದಲಿಸುವ ಹಾಗಿಲ್ಲ. ಹೊಸ ಲಾಗರ್ ತಂದು ಹಳೆಯದರ ಪಕ್ಕದಲ್ಲೇ ಇಳಿಬಿಟ್ಟಿದ್ದೇನೆ, ಒಂದು ತಿಂಗಳು ಎರಡೂ ಜೊತೆಗೆ ಓಡಲಿ. ಮೊದಲ ವಾರದಲ್ಲಿ ಎರಡರ ನಡುವೆ 1 ಸೆಂಟಿಮೀಟರ್ ವ್ಯತ್ಯಾಸ ಇದೆ. ಯಾವುದು ಸರಿ ಅಂತ ನೋಡಲು ಭಾನುವಾರ ಟೇಪ್ ಹಿಡಿದು ಹೋಗಬೇಕು.