ಇಡ್ಲಿಗೆಂದು ತಂದ ಗ್ರೈಂಡರಿನಲ್ಲಿ ಹಾಲುಬಾಯಿ

ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರ್, 150 ವ್ಯಾಟ್ ಮೋಟರ್, ಒಳಗೆ ಎರಡು ಕಲ್ಲು. ಕಳೆದ ವರ್ಷ ನಾಗರಪಂಚಮಿಗೆ ಮೊದಲು ಉಡುಪಿ ಪೇಟೆಯಲ್ಲಿ 5,800 ಕೊಟ್ಟು ತಗೊಂಡದ್ದು. ಕಂಪೆನಿ ಹೆಸರು ಬರೆಯುವುದಿಲ್ಲ, ಬೈಯುವುದು ಸ್ವಲ್ಪ ಉಂಟು. ಅಂಗಡಿಯವರು "ಕೊಯಮತ್ತೂರು ಮಾಲು ಅಕ್ಕ, ಕಣ್ಣು ಮುಚ್ಚಿ ತಗೊಳ್ಳಿ" ಅಂದರು. ಕೊಯಮತ್ತೂರು ಗ್ರೈಂಡರಿಗೆ ಜಿಐ ಟ್ಯಾಗೇ (ಊರಿನ ಹೆಸರಿನ ಮಾಲಿಗೆ ಸರಕಾರ ಕೊಡುವ ಗುರುತು) ಉಂಟು, ನಮ್ಮ ಮಟ್ಟುಗುಳ್ಳ ಬದನೆಯ ಹಾಗೆ. ಸರಿ, ತಂದೆ.

ಇಡ್ಲಿ ಹಿಟ್ಟು ಚೆನ್ನಾಗಿ ಬರುತ್ತದೆ, ಅದರಲ್ಲಿ ಹೇಳುವಂಥದ್ದು ಏನಿಲ್ಲ. ನಾನು ಬರೆಯಲು ಕೂತದ್ದು ಸಿಹಿತಿಂಡಿಗೆ.

ಮೊದಲು ಮಾಡಿದ್ದು ಹಾಲುಬಾಯಿ. ಬೆಳ್ತಿಗೆ ಅಕ್ಕಿ ಎರಡು ಲೋಟ ನಾಲ್ಕು ಗಂಟೆ ನೆನೆಸಿ, ಅಷ್ಟೇ ಕಾಯಿತುರಿ ಹಾಕಿ ಕಡೆಯಲು ಬಿಟ್ಟೆ. ಇಷ್ಟು ವರ್ಷ ಮಿಕ್ಸಿಯಲ್ಲಿ ಮಾಡುವಾಗ ಎಷ್ಟು ತಿರುಗಿಸಿದರೂ ರವೆ ರವೆ ಉಳಿಯುತ್ತಿತ್ತು, ಸೋಸು, ಮತ್ತೆ ಹಾಕು, ಮತ್ತೆ ಸೋಸು, ಅಷ್ಟರಲ್ಲಿ ಜಾರು ಬಿಸಿಯಾಗಿ ಕಾಯಿ ಎಣ್ಣೆ ಬಿಡಲು ಶುರುವಾಗಿರುತ್ತಿತ್ತು. ಇದರಲ್ಲಿ ಕಲ್ಲು ನಿಧಾನಕ್ಕೆ ತಿರುಗುವುದರಿಂದ ಬಿಸಿಯ ತಂಟೆ ಇಲ್ಲ. 25 ನಿಮಿಷ ಬಿಟ್ಟು ಎರಡು ಬೆರಳ ನಡುವೆ ಉಜ್ಜಿ ನೋಡಿದೆ, ಕೈಗೆ ಏನೂ ಸಿಗಲಿಲ್ಲ ಮಾರಾಯ್ರೆ, ಬೆಣ್ಣೆ! ಮತ್ತೆ ಮೂರು ಲೋಟ ಬೆಲ್ಲ, ಎಲ್ಲಾ ಸೇರಿ ಎಂಟು ಲೋಟ ನೀರು, ತಳ ಬಿಟ್ಟು ಬರುವವರೆಗೆ ಮಗುಚಿದ್ದು. ಆ ಮಗುಚುವ ಕೆಲಸಕ್ಕೆ ಮಾತ್ರ ಯಾವ ಮೆಷಿನೂ ಇಲ್ಲ, ಮುಕ್ಕಾಲು ಗಂಟೆ ನಮ್ಮ ರಟ್ಟೆಯೇ. ತುಪ್ಪ ಸವರಿದ ಬಟ್ಟಲಿಗೆ ಹೊಯ್ದು ತಣಿದ ಮೇಲೆ ಕತ್ತರಿಸಿದರೆ ಚೂರಿಗೆ ಅಂಟಲಿಲ್ಲ.

ಅರಸಿನ ಎಲೆ ಗಟ್ಟಿಗೂ (ಎಲೆಗೆ ಹಿಟ್ಟು ಸವರಿ, ಕಾಯಿ ಬೆಲ್ಲ ಇಟ್ಟು ಮಡಚಿ ಹಬೆಯಲ್ಲಿ ಬೇಯಿಸುವ ಸಿಹಿ) ಇದೇ ಬೇಕು. ಅದಕ್ಕೆ ಹಿಟ್ಟು ನುಣ್ಣಗೂ ಇರಬೇಕು, ಗಟ್ಟಿಯೂ ಇರಬೇಕು, ಇಲ್ಲದಿದ್ದರೆ ಎಲೆ ಮೇಲೆ ಸವರುವಾಗ ಇಳಿದು ಹೋಗುತ್ತದೆ. ಮಿಕ್ಸಿ ನೀರು ಕೇಳುತ್ತದೆ, ಇದು ಅಷ್ಟು ಕೇಳುವುದಿಲ್ಲ. ಆದರೆ ಒಂದು ಲೋಟ ಅಕ್ಕಿ ಹಾಕಿದರೆ ಕಲ್ಲಿಗೆ ಸಿಗದೆ ಬದಿಗೆ ಹೋಗಿ ಕೂತುಕೊಳ್ಳುತ್ತದೆ. ಎರಡು ಲೋಟ ಬೇಕೇ ಬೇಕು. ನಾವು ಇರುವುದು ಮೂರೇ ಜನ, ಹಾಗಾಗಿ ಪಕ್ಕದ ಮನೆಯವರು ಈಗ ನಮ್ಮ ಮೇಲೆ ತುಂಬಾ ಪ್ರೀತಿಯಿಂದ ಇದ್ದಾರೆ.

ಇನ್ನು ಬೈಗುಳ. ದೀಪಾವಳಿಗೆ ಹೋಳಿಗೆ ಮಾಡೋಣ ಅಂತ ಕಡಲೆಬೇಳೆ ಬೇಯಿಸಿ, ಬೆಲ್ಲ ಹಾಕಿ ಗಟ್ಟಿ ಮಾಡಿ, ಆರಿದ ಮೇಲೆ ಇದಕ್ಕೆ ಹಾಕಿದೆ. ಹೂರಣ ಕಲ್ಲಿಗೆ ಕಚ್ಚಿಕೊಂಡು ಒಂದೇ ಮುದ್ದೆಯಾಗಿ ಸುತ್ತತೊಡಗಿತು, ಅರೆಯುವುದೇ ಇಲ್ಲ. ಅತ್ತೆ ಬಾಗಿಲಲ್ಲಿ ನಿಂತು, "ಇದು ಕಡೆಯುವುದಾ, ಪ್ರದಕ್ಷಿಣೆ ಹಾಕುವುದಾ?" ಅಂದರು. ನಗು ಮುಗಿಯುವ ಮೊದಲೇ ರಬ್ಬರ್ ಸುಟ್ಟ ವಾಸನೆ. ಬೆಲ್ಟ್ ಹೋಗಿತ್ತು. ಕಂಪೆನಿ ನಂಬರಿಗೆ ಫೋನ್ ಮಾಡಿದರೆ ಹನ್ನೆರಡನೇ ದಿನ ಜನ ಬಂದು, "ಮೇಡಂ, ಗಟ್ಟಿ ಐಟಂ ಹಾಕಿದರೆ ವಾರಂಟಿ ಇಲ್ಲ" ಅಂದರು. ಡಬ್ಬದ ಮೇಲೆ ಚಪಾತಿ ಹಿಟ್ಟು ಕಲಸುವ ಫೋಟೋ ದೊಡ್ಡದಾಗಿ ಹಾಕಿದ್ದಾರಲ್ವಾ, ಅದು ಗಟ್ಟಿ ಅಲ್ವಾ? ಅವರಿಗೆ ಉತ್ತರ ಇರಲಿಲ್ಲ. ಕೊನೆಗೆ ನಮ್ಮ ರಸ್ತೆಯ ರಿಪೇರಿಯವರು 250 ರೂಪಾಯಿಗೆ, ಹತ್ತೇ ನಿಮಿಷದಲ್ಲಿ ಹೊಸ ಬೆಲ್ಟ್ ಹಾಕಿಕೊಟ್ಟರು.

ಈಗ ಕ್ರಮ ಬದಲಾಯಿಸಿದ್ದೇನೆ. ಬೇಳೆಯ ಕಟ್ಟು ಸಾರಿಗೆ ಬಸಿದು, ಬೆಲ್ಲ ಕರಗಿ ಹೂರಣ ಇನ್ನೂ ಸಡಿಲ ಇರುವಾಗಲೇ, ಉಗುರು ಬೆಚ್ಚಗೆ ಆದ ಮೇಲೆ ಅರ್ಧ ಅರ್ಧ ಹಾಕಿ ಅರೆಯುವುದು, ಆಮೇಲೆ ಬಾಣಲೆಯಲ್ಲಿ ಗಟ್ಟಿ ಮಾಡುವುದು. ಮರದ ಸಟ್ಟುಗದಲ್ಲಿ ಬದಿಯಿಂದ ನೂಕುತ್ತಾ ಇರಬೇಕು. ಮೂರು ಸಲ ಮಾಡಿದೆ, ತೊಂದರೆ ಬರಲಿಲ್ಲ.

ಉಂಡೆಗಳಿಗೆ ಇದು ಬೇಡ. ಹುರಿದ ಹೆಸರು, ಎಳ್ಳು ಇವನ್ನೆಲ್ಲ ಪುಡಿ ಮಾಡುವುದು ಮಿಕ್ಸಿಯ ಕೆಲಸ. ಹಯಗ್ರೀವಕ್ಕಂತೂ ಎರಡೂ ಬೇಡ, ಬೆಂದ ಬೇಳೆಯನ್ನು ಸೌಟಿನಲ್ಲಿ ಒತ್ತಿದರೆ ಆಯಿತು.

ತೊಳೆಯುವುದು ಬಂಗ. ಬೆಲ್ಲದ ಅಂಟು ಕಲ್ಲಿನ ಅಡಿಗೆ ಹೋಗಿ ಕೂರುತ್ತದೆ, ಬಿಸಿ ನೀರು ಹಾಕಿ ಐದು ನಿಮಿಷ ಸುಮ್ನೆ ತಿರುಗಿಸಿದರೆ ಬಿಡುತ್ತದೆ. ಇನ್ನೊಂದು, ಇದರಲ್ಲಿ ಬೆಳ್ಳುಳ್ಳಿ ಮಸಾಲೆ ಕಡೆಯಬೇಡಿ. ನಾನು ಒಮ್ಮೆ ಕೋಳಿ ಸುಕ್ಕಕ್ಕೆ ಕಡೆದು, ಮಾರನೇ ದಿನದ ಹಾಲುಬಾಯಿಯನ್ನು ಯಾರಿಗೂ ಕೊಡಲಾಗದೆ ನಾವೇ ತಿಂದೆವು.

ತಗೊಳ್ಳುವವರು ಬೆಲ್ಟ್ ಊರಲ್ಲಿ ಸಿಗುತ್ತದಾ ಅಂತ ಮೊದಲೇ ಕೇಳಿ. ನಾನು ಒಂದು ಜಾಸ್ತಿ ತಂದು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೇನೆ.