ರಾತ್ರಿಯ ನಿದ್ರಾ ಪರೀಕ್ಷೆ ಮತ್ತು ಅದರೊಂದಿಗೆ ಮಾರುವ ಜೀನ್ ಪ್ಯಾಕೇಜು: ಒಬ್ಬ ನರ್ಸ್ ಕಂಡಂತೆ

ನರರೋಗ ವಿಭಾಗದಲ್ಲಿ ಕೆಲಸ ಮಾಡುತ್ತಲೇ ನಿದ್ರೆಯ ಕುರಿತು ಸಂಶೋಧನೆ ನಡೆಸುತ್ತಿರುವ ನಾನು, ಗೊರಕೆ ಮತ್ತು ಹಗಲಿನ ತೂಕಡಿಕೆಯ ಕಾರಣಕ್ಕೆ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಸ್ಲೀಪ್ ಲ್ಯಾಬ್‌ನಲ್ಲಿ ಪಾಲಿಸೋಮ್ನೋಗ್ರಫಿ, ಅಂದರೆ ರಾತ್ರಿಯಿಡೀ ಮಲಗಿಸಿ ನಡೆಸುವ ನಿದ್ರಾ ಪರೀಕ್ಷೆ, ಮಾಡಿಸಿಕೊಂಡೆ. ಪರೀಕ್ಷೆ ಕೊಟ್ಟ ಹಣಕ್ಕೆ ತಕ್ಕದ್ದಾಗಿದೆ. ನನ್ನ ತಕರಾರಿರುವುದು ಅದರ ಜೊತೆಗೆ ಮಾರುವ ‘ಮಿದುಳಿನ ಆರೋಗ್ಯ’ ಪ್ಯಾಕೇಜಿನ ಬಗ್ಗೆ.

ಈ ಸೇವೆಯ ಜೀವಾಳ ರಾತ್ರಿಯಿಡೀ ಎಚ್ಚರವಿರುವ ತಂತ್ರಜ್ಞೆ. ಅವರು ತಲೆಯನ್ನು ಟೇಪಿನಿಂದ ಅಳೆದು ಗುರುತು ಹಾಕಿ, ನೆತ್ತಿ, ಕಣ್ಣಂಚು, ಗದ್ದ ಮತ್ತು ಕಾಲುಗಳಿಗೆ ಎಲೆಕ್ಟ್ರೋಡುಗಳನ್ನು ಅಂಟಿಸಿ, ಎದೆಗೂ ಹೊಟ್ಟೆಗೂ ಪಟ್ಟಿ ಕಟ್ಟಿ, ಮೂಗಿಗೆ ನಳಿಕೆ ಇಟ್ಟು, ಯಾವುದು ಏತಕ್ಕೆಂದು ಬೇಸರವಿಲ್ಲದೆ ವಿವರಿಸಿದರು. (ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಬೇಡಿ, ಎಲೆಕ್ಟ್ರೋಡು ನಿಲ್ಲುವುದಿಲ್ಲ.) ನಡುರಾತ್ರಿ ಬೆರಳಿನ ಆಕ್ಸಿಮೀಟರ್ ಜಾರಿದಾಗ ಬಂದು ಸರಿಪಡಿಸಿದರು. ಮನೆಯಲ್ಲೇ ಮಾಡಿಕೊಳ್ಳುವ ಅಗ್ಗದ ಕಿಟ್‌ನಲ್ಲಿ ಈ ಅನುಕೂಲವಿಲ್ಲ. ಮೇಲಾಗಿ ಅಂಥ ಬಹುತೇಕ ಕಿಟ್‌ಗಳು ಮಿದುಳಿನ ಅಲೆಗಳನ್ನು ದಾಖಲಿಸದ ಕಾರಣ ಎಚ್ಚರವಿದ್ದ ಹೊತ್ತೂ ನಿದ್ರೆಯ ಲೆಕ್ಕಕ್ಕೆ ಸೇರಿ, ಸ್ಲೀಪ್ ಅಪ್ನಿಯ (ನಿದ್ರೆಯಲ್ಲಿ ಉಸಿರು ತಡೆಯುವ ಕಾಯಿಲೆ) ಇರುವುದಕ್ಕಿಂತ ಕಡಿಮೆಯಾಗಿ ಕಾಣಬಹುದು.

ವರದಿಯಲ್ಲಿ ನಿದ್ರೆಯನ್ನು 30 ಸೆಕೆಂಡುಗಳ ತುಣುಕುಗಳಾಗಿ ಓದಿ ಹಂತಗಳನ್ನು ಗುರುತಿಸಿದ್ದಾರೆ. ಉಸಿರು 10 ಸೆಕೆಂಡು ಅಥವಾ ಹೆಚ್ಚು ಹೊತ್ತು ನಿಂತ ಇಲ್ಲವೇ ಕುಗ್ಗಿದ ಪ್ರಸಂಗಗಳು ಗಂಟೆಗೆ 5 ದಾಟಿದರೆ ಸೌಮ್ಯ, 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ ಸ್ಲೀಪ್ ಅಪ್ನಿಯ. ಆದರೆ ಉಸಿರು ಕುಗ್ಗಿತೆನ್ನಲು ರಕ್ತದ ಆಮ್ಲಜನಕ ಶೇ. 3ರಷ್ಟು ಇಳಿಯಬೇಕೋ ಶೇ. 4ರಷ್ಟೋ ಎಂಬುದನ್ನು ವರದಿ ಹೇಳಿರಲಿಲ್ಲ, ಕೇಳಿ ತಿಳಿದುಕೊಳ್ಳಬೇಕಾಯಿತು. ಈ ಅಳತೆಗೋಲು ಬದಲಾದರೆ ಅದೇ ರೋಗಿಯ ಅಂಕಿ ಬೇರೆ ವರ್ಗಕ್ಕೆ ಹೋಗಬಹುದು. ಇನ್ನೊಂದು ಕೊರತೆ ವೇಳೆಯದು: ರಾತ್ರಿ ಪಾಳಿ ಮಾಡಿ ಹಗಲು ಮಲಗುವವರನ್ನು ಅವರ ರೂಢಿಯ ನಿದ್ರಾವೇಳೆಯಲ್ಲೇ ಪರೀಕ್ಷಿಸುವುದು ಉಚಿತ, ಈ ಲ್ಯಾಬ್‌ನಲ್ಲಿ ಆ ವ್ಯವಸ್ಥೆಯಿಲ್ಲ.

ಇನ್ನು ಪ್ಯಾಕೇಜು. ಅದರ ಮುಖ್ಯ ಆಕರ್ಷಣೆ ಎಪಿಒಇ ಜೀನಿನ ಪರೀಕ್ಷೆ. ಅದರ ಇ4 ರೂಪ ಆಲ್ಝೈಮರ್ ಎಂಬ ಮರೆವಿನ ಕಾಯಿಲೆಯ ಅಪಾಯವನ್ನು ಹೆಚ್ಚಿಸುತ್ತದೆಂಬುದು 1993ರಿಂದ ತಿಳಿದ ಸಂಗತಿ. ಆದರೆ ಅದನ್ನು ಹೊತ್ತವರಿಗೆಲ್ಲ ಕಾಯಿಲೆ ಬರುವುದಿಲ್ಲ, ಇಲ್ಲದವರಿಗೆ ಬರುವುದೂ ಉಂಟು, ಮತ್ತು ಗೊರಕೆಯ ಚಿಕಿತ್ಸೆ ಆ ಫಲಿತಾಂಶದಿಂದ ಕಿಂಚಿತ್ತೂ ಬದಲಾಗುವುದಿಲ್ಲ. ಆಪ್ತಸಮಾಲೋಚನೆಯಿಲ್ಲದೆ ಇಂಥ ಫಲಿತಾಂಶವನ್ನು ಕೈಗೆ ಕೊಡುವುದನ್ನು ನಾನು ಒಪ್ಪಲಾರೆ.

ನಿದ್ರೆಗೂ ಜೀನಿಗೂ ನಂಟಿಲ್ಲವೆಂದು ಇದರ ಅರ್ಥವಲ್ಲ. ಅಮೆರಿಕದ ರಾಷ್ಟ್ರೀಯ ನರ್ಸಿಂಗ್ ಸಂಶೋಧನಾ ಸಂಸ್ಥೆಯಲ್ಲಿ ದುಡಿದು ಮುಂದೆ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಸೇರಿದ ನರ್ಸ್ ವಿಜ್ಞಾನಿ ಜೆಸಿಕಾ ಗಿಲ್ ಅವರ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿದ್ರೆ ಸುಧಾರಿಸಿದ ಸೈನಿಕರ ಖಿನ್ನತೆಯ ಲಕ್ಷಣಗಳು ತಗ್ಗಿದ್ದವು, ಉರಿಯೂತಕ್ಕೆ ಸಂಬಂಧಿಸಿದ ಜೀನುಗಳ ಅಭಿವ್ಯಕ್ತಿಯೂ (ಅವು ಎಷ್ಟು ಚುರುಕಾಗಿ ಕೆಲಸ ಮಾಡುತ್ತಿವೆ ಎಂಬುದು) ಬದಲಾಗಿತ್ತು. ಅಲ್ಲಿ ಅಳೆದದ್ದು ನಿದ್ರೆಯೊಂದಿಗೆ ಬದಲಾಗುವ ಚಟುವಟಿಕೆಯನ್ನು; ಪ್ಯಾಕೇಜು ಮಾರುವುದು ಹುಟ್ಟಿನಿಂದ ಬಂದ, ಬದಲಾಗದ ಗುರುತನ್ನು. ಕೌಂಟರಿನಲ್ಲಿ ಈ ವ್ಯತ್ಯಾಸವನ್ನು ಯಾರೂ ಹೇಳಲಿಲ್ಲ.

ಗೊರಕೆ, ತೂಕಡಿಕೆ ಇರುವವರು ವೈದ್ಯರ ಚೀಟಿಯೊಂದಿಗೆ ಹೋಗಿ ರಾತ್ರಿಯ ಪರೀಕ್ಷೆಯನ್ನು ಧೈರ್ಯವಾಗಿ ಮಾಡಿಸಿಕೊಳ್ಳಬಹುದು. ಬಿಲ್ಲಿಗೆ ಮುಂಚೆ ಪ್ಯಾಕೇಜನ್ನು ತೆಗೆಸಿಹಾಕಿ, ವರದಿಯ ಪೂರ್ಣ ಪ್ರತಿಯನ್ನು ಕೇಳಿ ಪಡೆಯಿರಿ.